ಮಕ್ಕಳ ಆಪರೇಷನ್ ಮಾಡುವ ಸರ್ಜನ್‌ಗೆ ಪಿಐಸಿಯು (ಮಕ್ಕಳ ತೀವ್ರ ನಿಗಾ ಘಟಕ) ತರಬೇತಿ: ಏನು ಕಲಿಯಬೇಕು, ಯಾವ ಕ್ರಮದಲ್ಲಿ?

ಘಟಪ್ರಭಾ_ಸರ್ಜನ್ | ಬಾಗಲಕೋಟೆ

ಎಲ್ಲರಿಗೂ ನಮಸ್ಕಾರ. ಎಂಎಸ್ ಜನರಲ್ ಸರ್ಜರಿ ಆಗಿದೆ, ಎಂಸಿಎಚ್ (ಸೂಪರ್ ಸ್ಪೆಷಾಲಿಟಿ ಪದವಿ) ಇಲ್ಲ. ಕೆಲಸ ಬಾಗಲಕೋಟೆಯಲ್ಲಿ. ಇಲ್ಲಿಗೆ ಬರುವ ಮಕ್ಕಳ ಕೇಸುಗಳೆಂದರೆ ಒಡೆದ ಅಪೆಂಡಿಕ್ಸ್, ಟೈಫಾಯ್ಡ್‌ನಲ್ಲಿ ತೂತಾದ ಕರುಳು, ಇಂಟಸಸೆಪ್ಷನ್ (ಕರುಳೊಳಗೆ ಕರುಳು ತೂರಿಕೊಳ್ಳುವುದು), ಸಿಕ್ಕಿಬಿದ್ದ ಹರ್ನಿಯಾ, ಟ್ರ್ಯಾಕ್ಟರ್ ಟ್ರೇಲರ್‌ನಿಂದ ಬಿದ್ದು ಹೊಟ್ಟೆಗೆ ಆದ ಪೆಟ್ಟು, ಬಿಸಿನೀರಿನ ಸುಟ್ಟಗಾಯ. ಆಪರೇಷನ್ ಕೈಗೆ ಒಗ್ಗಿದೆ. ಆಮೇಲಿನ 72 ತಾಸು ಮಗುವನ್ನು ನೋಡಿಕೊಳ್ಳುವ ವಿದ್ಯೆ ಮಾತ್ರ ಎಂಎಸ್‌ನಲ್ಲಿ ದೊಡ್ಡವರ ಲೆಕ್ಕದಲ್ಲೇ ಸಿಗುತ್ತದೆ. ದ್ರವ, ವೆಂಟಿಲೇಟರ್, ಇನೊಟ್ರೋಪ್ (ಹೃದಯಕ್ಕೆ, ಬಿಪಿಗೆ ಬಲ ಕೊಡುವ ಔಷಧ) ಎಲ್ಲಕ್ಕೂ ಬೇರೆಯವರ ಮುಖ ನೋಡಬೇಕಾಗುತ್ತದೆ.

ನನ್ನ ಪ್ರಶ್ನೆಗಳು: ಸರ್ಜನ್ ಆದವರು ಪೀಡಿಯಾಟ್ರಿಕ್ ಕ್ರಿಟಿಕಲ್ ಕೇರ್‌ನಲ್ಲಿ ಪದವಿ ಮಾಡಲು ದಾರಿ ಇದೆಯೇ? ಇಲ್ಲದಿದ್ದರೆ ಸಣ್ಣ ಕೋರ್ಸ್‌ಗಳಲ್ಲಿ ಯಾವುದು ಮೊದಲು? ಆರು ತಿಂಗಳ ರಜೆ ಸಿಕ್ಕರೆ ದೊಡ್ಡ ಪಿಐಸಿಯುನಲ್ಲಿ ಕುಳಿತು ನಿಜವಾಗಿ ಏನನ್ನು ಕಲಿತು ಬರಬೇಕು? ಪ್ರಮಾಣಪತ್ರದ ಆಸೆಗಿಂತ ಮಗು ಉಳಿಯುವ ಮಾತು ಮುಖ್ಯ. ಲೆಕ್ಕ, ಪ್ರಮಾಣ ಸಮೇತ ಹೇಳಿದರೆ ಉಪಕಾರ.

ಪಿಐಸಿಯು_ಕುಂದಾನಗರಿ | ಬೆಳಗಾವಿ

ಸರ್, ಪದವಿಯ ವಿಷಯ ಮೊದಲು ಮುಗಿಸೋಣ. ಡಿಎಂ ಪೀಡಿಯಾಟ್ರಿಕ್ ಕ್ರಿಟಿಕಲ್ ಕೇರ್ ಆಗಲಿ, ಅದಕ್ಕೆ ಸಮನಾದ ಡಿಆರ್‌ಎನ್‌ಬಿ ಆಗಲಿ, ಪೀಡಿಯಾಟ್ರಿಕ್ಸ್‌ನಲ್ಲಿ ಎಂಡಿ ಅಥವಾ ಡಿಎನ್‌ಬಿ ಆದವರಿಗೆ ಮಾತ್ರ. ಸರ್ಜನ್‌ಗೆ ಆ ಬಾಗಿಲು ಇಲ್ಲ. ನಿಮಗಿರುವ ದಾರಿ ಸೂಪರ್ ಸ್ಪೆಷಾಲಿಟಿ ಪ್ರವೇಶ ಪರೀಕ್ಷೆ ನೀಟ್ ಎಸ್‌ಎಸ್ ಬರೆದು ಮೂರು ವರ್ಷದ ಎಂಸಿಎಚ್ ಪೀಡಿಯಾಟ್ರಿಕ್ ಸರ್ಜರಿ. ಅಮೆರಿಕದಲ್ಲಿ ಸರ್ಜನ್‌ಗಳಿಗೆಂದೇ ಒಂದು ವರ್ಷದ ಸರ್ಜಿಕಲ್ ಕ್ರಿಟಿಕಲ್ ಕೇರ್ ಫೆಲೋಶಿಪ್ ಇದೆ, ಅಮೆರಿಕನ್ ಬೋರ್ಡ್ ಆಫ್ ಸರ್ಜರಿ ಅದಕ್ಕೆ ಪ್ರತ್ಯೇಕ ಪ್ರಮಾಣಪತ್ರ ಕೊಡುತ್ತದೆ. ಕೆಲವು ಮಕ್ಕಳ ಆಸ್ಪತ್ರೆಗಳಲ್ಲಿ ಆ ವರ್ಷದ ಬಹುಪಾಲು ಮಕ್ಕಳ ಐಸಿಯುನಲ್ಲೇ ಕಳೆಯುತ್ತದೆ. ಅದರಿಂದ ನಾವು ಎತ್ತಿಕೊಳ್ಳಬೇಕಾದ ಸಂಗತಿ ಒಂದೇ: ಆ ಅವಧಿಯಲ್ಲಿ ಸರ್ಜನ್ ಮುಖ್ಯವಾಗಿ ಐಸಿಯುನವನು, ಓಟಿಯವನಲ್ಲ. ನೀವು ಆರು ತಿಂಗಳು ಹೋದರೂ ಇದೇ ಶರತ್ತು ಹಾಕಿಕೊಳ್ಳಿ. ಅಲ್ಲಿ ಒಳ್ಳೆಯ ಕೇಸು ನಡೆಯುತ್ತಿದೆ ಎಂದು ಓಟಿಗೆ ಹೋಗಿ ನಿಂತರೆ ತಿಂಗಳುಗಳು ಹಾಗೆಯೇ ಕರಗುತ್ತವೆ.

ಸಣ್ಣ ಕೋರ್ಸ್‌ಗಳ ಕ್ರಮ: ಮೊದಲು ಮಕ್ಕಳ ತುರ್ತು ಜೀವರಕ್ಷಣೆಯ ಪಾಲ್ಸ್. ಅದರ ಕಾರ್ಡ್ ಎರಡು ವರ್ಷಕ್ಕೆ, ಮತ್ತೆ ನವೀಕರಿಸಬೇಕು. ಆಮೇಲೆ ಪೆಟ್ಟಿನ ತುರ್ತು ಚಿಕಿತ್ಸೆಯ ಎಟಿಎಲ್‌ಎಸ್. ಮೂರನೆಯದು ಮಕ್ಕಳ ತಜ್ಞರ ಸಂಘ ಐಎಪಿಯ ಬೇಸಿಕ್ ಇಂಟೆನ್ಸಿವ್ ಕೇರ್ ಕೋರ್ಸ್. ನವಜಾತ ಶಿಶುಗಳನ್ನು ಮುಟ್ಟುವುದಿದ್ದರೆ ಅವುಗಳ ಉಸಿರು ಮರಳಿಸುವ ಎನ್‌ಆರ್‌ಪಿ ಕೋರ್ಸ್ ಬಿಡುವಂತಿಲ್ಲ. ಇವು ನಿಮ್ಮನ್ನು ಮೊದಲ ಒಂದು ತಾಸಿಗೆ ಸಿದ್ಧ ಮಾಡುತ್ತವೆ, 72 ತಾಸಿಗಲ್ಲ. ಇನ್ನೊಂದು ಮಾತು: ಅಬ್ಸರ್ವರ್‌ಶಿಪ್ (ನೋಡಿ ಕಲಿಯುವ ಅವಧಿ) ಪತ್ರ ವೈದ್ಯಕೀಯ ಪರಿಷತ್ತಿನಲ್ಲಿ ಹೆಚ್ಚುವರಿ ಅರ್ಹತೆಯಾಗಿ ನೋಂದಣಿ ಆಗುವುದಿಲ್ಲ, ಬೋರ್ಡ್ ಮೇಲೆ ಬರೆಸಬೇಡಿ.

ಇನ್ನು ಕಲಿಯಬೇಕಾದದ್ದು. ಎಲ್ಲಕ್ಕಿಂತ ಮೊದಲು, ಬಿಪಿ ಸರಿಯಿರುವ ಶಾಕ್ (ಅಂಗಗಳಿಗೆ ಸಾಕಷ್ಟು ರಕ್ತ ತಲುಪದ ಸ್ಥಿತಿ). ಮಗು ತನ್ನ ರಕ್ತದ ಸುಮಾರು 30 ಪ್ರತಿಶತ ಕಳೆದುಕೊಳ್ಳುವವರೆಗೂ ಮೇಲಿನ ಬಿಪಿಯನ್ನು ಹಿಡಿದಿಟ್ಟುಕೊಳ್ಳಬಲ್ಲದು. 10 ಕೆ.ಜಿ. ಕೂಸಿನ ಒಟ್ಟು ರಕ್ತ ಸುಮಾರು 800 ಮಿ.ಲೀ., ಅದರ 30 ಪ್ರತಿಶತ 240 ಮಿ.ಲೀ. ಅಷ್ಟು ರಕ್ತ ಎರಡು ಮೂರು ನೆನೆದ ಮಾಪ್‌ಗಳಲ್ಲಿ (ರಕ್ತ ಒರೆಸುವ ಬಟ್ಟೆ) ಅಡಗಿರುತ್ತದೆ, ಆದ್ದರಿಂದ ಮಾಪ್‌ಗಳನ್ನು ತೂಗಿ ನೋಡಬೇಕು, ಏರಿದ ತೂಕದ 1 ಗ್ರಾಂ ಎಂದರೆ 1 ಮಿ.ಲೀ. ಒಂದರಿಂದ ಹತ್ತು ವರ್ಷದವರಿಗೆ ಬಿಪಿಯ ಕೆಳಗಿನ ಮಿತಿ 70 ಕೂಡಿಸು ವಯಸ್ಸಿನ ಎರಡರಷ್ಟು. ಐದು ವರ್ಷದ ಮಗುವಿಗೆ 80. ಆ ಸಂಖ್ಯೆ ಬರುವ ಹೊತ್ತಿಗೆ ತಡವಾಗಿರುತ್ತದೆ. ಅದಕ್ಕೂ ಮುಂಚೆ ಕಾಣುವುದು ಏರಿದ ನಾಡಿ, ತಣ್ಣಗಾದ ಪಾದ, 3 ಸೆಕೆಂಡ್ ದಾಟಿದ ಕ್ಯಾಪಿಲರಿ ರೀಫಿಲ್ (ಒತ್ತಿ ಬಿಟ್ಟ ಚರ್ಮಕ್ಕೆ ಬಣ್ಣ ಮರಳುವ ಹೊತ್ತು), ಕಡಿಮೆಯಾದ ಮೂತ್ರ. ಪಾದ ಮುಟ್ಟುವುದನ್ನು ಪ್ರತಿ ರೌಂಡ್‌ನಲ್ಲೂ ಕೈಗೆ ರೂಢಿ ಮಾಡಿಕೊಳ್ಳಿ, ಮಾನಿಟರ್ ಅದನ್ನು ತೋರಿಸುವುದಿಲ್ಲ.

ದ್ರವವನ್ನು ಒಂದೇ ಸಲ ಸುರಿಯಬೇಡಿ. ಕೆ.ಜಿ.ಗೆ 10 ಮಿ.ಲೀ. ಆರ್‌ಎಲ್ (ರಿಂಗರ್ ಲ್ಯಾಕ್ಟೇಟ್ ಡ್ರಿಪ್) ಕೊಟ್ಟು, ನಾಡಿ ಇಳಿಯಿತೇ, ಪಿತ್ತಜನಕಾಂಗ ಕೆಳಗೆ ಬಂತೇ, ಶ್ವಾಸಕೋಶದಲ್ಲಿ ಕ್ರೆಪ್ಸ್ (ಪಟಪಟ ಸದ್ದು) ಕೇಳುತ್ತಿದೆಯೇ ಎಂದು ನೋಡಿ ಮುಂದಿನ 10 ಕೊಡಿ. ಸೆಪ್ಸಿಸ್ (ಸೋಂಕು ಮೈಗೆಲ್ಲ ಏರಿದ) ಮಗು ಕೆ.ಜಿ.ಗೆ 40 ಮಿ.ಲೀ. ಹತ್ತಿರ ಬಂದರೂ ಏಳದಿದ್ದರೆ ಅಡ್ರಿನಲಿನ್ ಶುರು ಮಾಡಲು ಕಾಯಬಾರದು. ನೆನಪಿಡುವ ಲೆಕ್ಕ: ತೂಕವನ್ನು 0.3ರಿಂದ ಗುಣಿಸಿ, ಅಷ್ಟು ಮಿ.ಗ್ರಾಂ. ಅಡ್ರಿನಲಿನ್ 50 ಮಿ.ಲೀ.ಗೆ ಕಲಸಿದರೆ ತಾಸಿಗೆ 1 ಮಿ.ಲೀ. ಎಂದರೆ ಕೆ.ಜಿ.ಗೆ ನಿಮಿಷಕ್ಕೆ 0.1 ಮೈಕ್ರೋಗ್ರಾಂ. 12 ಕೆ.ಜಿ. ಮಗುವಿಗೆ 3.6 ಮಿ.ಗ್ರಾಂ. ನಾರ್‌ಅಡ್ರಿನಲಿನ್‌ಗೂ ಇದೇ ಲೆಕ್ಕ. ಕೈಕಾಲು ತಣ್ಣಗಿದ್ದರೆ ಅಡ್ರಿನಲಿನ್, ಬೆಚ್ಚಗಿದ್ದು ಡಯಾಸ್ಟಾಲಿಕ್ ಬಿದ್ದಿದ್ದರೆ ನಾರ್‌ಅಡ್ರಿನಲಿನ್. ಡೋಪಮಿನ್ ಮೊದಲ ಆಯ್ಕೆಯಾಗಿ ಉಳಿದಿಲ್ಲ.

2011ರ ಫೀಸ್ಟ್ ಅಧ್ಯಯನವನ್ನು ಓದಿ. ಉಗಾಂಡ, ಕೀನ್ಯಾ, ತಾಂಜಾನಿಯಾದಲ್ಲಿ ಜ್ವರದಿಂದ ರಕ್ತಸಂಚಾರ ಕುಂದಿದ ಮಕ್ಕಳಲ್ಲಿ ಬೋಲಸ್ (ದ್ರವವನ್ನು ಒಮ್ಮೆಲೇ ಬೇಗ ಕೊಡುವುದು) ಕೊಟ್ಟ ಗುಂಪುಗಳಲ್ಲಿ 48 ತಾಸಿನ ಸಾವು 10.5 ಪ್ರತಿಶತದ ಆಸುಪಾಸು, ಬೋಲಸ್ ಕೊಡದವರಲ್ಲಿ 7.3. ಪೆಟ್ಟು, ಆಪರೇಷನ್, ಸುಟ್ಟಗಾಯದ ಮಕ್ಕಳನ್ನು ಅದರಲ್ಲಿ ಸೇರಿಸಿರಲಿಲ್ಲ. ಆದ್ದರಿಂದ ನಿಮ್ಮ ಹೊಟ್ಟೆಯ ಕೇಸಿಗೆ ಅದು ನೇರವಾಗಿ ಅನ್ವಯಿಸುವುದಿಲ್ಲ, ಆದರೆ ವೆಂಟಿಲೇಟರ್ ಇಲ್ಲದ ಕಡೆ ದ್ರವವೂ ಅಳತೆಯಿಟ್ಟು ಕೊಡಬೇಕಾದ ಔಷಧ ಎಂಬುದು ಅನ್ವಯಿಸುತ್ತದೆ.

ಆಪರೇಷನ್ ನಂತರದ ಡ್ರಿಪ್ ಬಗ್ಗೆ ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ನಮ್ಮ ಕಡೆ ಮಕ್ಕಳೆಂದರೆ ಐಸೊಲೈಟ್-ಪಿ ಎಂಬ ರೂಢಿ ಇನ್ನೂ ಹೋಗಿಲ್ಲ. ಅದರಲ್ಲಿ ಸೋಡಿಯಂ ಲೀಟರಿಗೆ 25 ಮಿಲಿಈಕ್ವಿವಲೆಂಟ್‌ನಷ್ಟೇ. ಆಪರೇಷನ್ ಆದ ಮಗುವಿನಲ್ಲಿ ನೋವು, ವಾಕರಿಕೆ, ಒತ್ತಡದಿಂದ ನೀರು ಹಿಡಿದಿಡುವ ಹಾರ್ಮೋನು ಎಡಿಎಚ್ ಏರಿರುತ್ತದೆ, ಮೂತ್ರಪಿಂಡ ನೀರನ್ನು ಹೊರಬಿಡುವುದಿಲ್ಲ. ರಕ್ತದ ಸೋಡಿಯಂ 120ಕ್ಕೆ ಇಳಿದು ಎರಡನೇ ರಾತ್ರಿ ಫಿಟ್ಸ್ ಬರುತ್ತದೆ, ಎಲ್ಲರೂ ಅದನ್ನು ಜ್ವರದ ಫಿಟ್ಸ್ ಎಂದುಕೊಳ್ಳುತ್ತಾರೆ. ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ 2018ರಲ್ಲೇ 28 ದಿನ ದಾಟಿದ ಮಕ್ಕಳಿಗೆ ಐಸೊಟಾನಿಕ್ ದ್ರವ (ಸೋಡಿಯಂ ರಕ್ತಕ್ಕೆ ಸಮೀಪವಿರುವುದು) ಎಂದು ಸ್ಪಷ್ಟಪಡಿಸಿದೆ. 500 ಮಿ.ಲೀ. ಡಿಎನ್‌ಎಸ್ (ಡೆಕ್ಸ್ಟ್ರೋಸ್ ನಾರ್ಮಲ್ ಸಲೈನ್), ಮೂತ್ರ ಬಂದ ಮೇಲೆ ಅದಕ್ಕೆ 15 ಪ್ರತಿಶತದ ಕೆಸಿಎಲ್ (ಪೊಟ್ಯಾಸಿಯಂ ಕ್ಲೋರೈಡ್) 5 ಮಿ.ಲೀ., ಅಂದರೆ 10 ಮಿಲಿಈಕ್ವಿವಲೆಂಟ್. 12 ಕೆ.ಜಿ.ಗೆ ದಿನದ ಪೂರ್ತಿ ಲೆಕ್ಕ 1100 ಮಿ.ಲೀ., ಮೊದಲ ದಿನ ಅದರ ಮೂರನೇ ಎರಡು ಭಾಗ, ತಾಸಿಗೆ 30 ಮಿ.ಲೀ. ಸಾಕು. ರೈಲ್ಸ್ ಟ್ಯೂಬಿನಿಂದ (ಮೂಗಿನಿಂದ ಹೊಟ್ಟೆಗೆ ಇಳಿಸಿದ ನಳಿಕೆ) ಹೋದದ್ದನ್ನು ಬೇರೆ ಬಾಟಲಿಯಲ್ಲಿ ನಾರ್ಮಲ್ ಸಲೈನ್ ಮತ್ತು ಪೊಟ್ಯಾಸಿಯಂ ಆಗಿ ಆರು ತಾಸಿಗೊಮ್ಮೆ ತುಂಬಿ, ಎರಡನ್ನೂ ಒಂದೇ ಡ್ರಿಪ್‌ನಲ್ಲಿ ಬೆರೆಸಬೇಡಿ. ಫಿಟ್ಸ್ ಬಂದೇಬಿಟ್ಟರೆ 3 ಪ್ರತಿಶತ ಸಲೈನ್ ಕೆ.ಜಿ.ಗೆ 3ರಿಂದ 5 ಮಿ.ಲೀ., 15ರಿಂದ 20 ನಿಮಿಷದಲ್ಲಿ.

ಎಳೆಹೊಟ್ಟೆ | ವಿಜಯಪುರ, ಪೀಡಿಯಾಟ್ರಿಕ್ ಸರ್ಜರಿ

ಬೆಳಗಾವಿಯ ಡಾಕ್ಟರು ಹೇಳಿದ್ದು ಸರಿ. ಸರ್ಜನ್‌ಗೆ ಮಾತ್ರ ಸೇರಿದ ಎರಡು ಪಾಠ ಉಳಿದಿವೆ: ಓಟಿಗೆ ಯಾವಾಗ ಒಯ್ಯಬೇಕು, ಹೊಟ್ಟೆಯನ್ನು ಯಾವಾಗ ಮುಚ್ಚಬಾರದು. ಇವನ್ನು ಇಂಟೆನ್ಸಿವಿಸ್ಟ್ ನಿಮ್ಮ ಬದಲು ನಿರ್ಧರಿಸಲಾರರು.

ಹೊತ್ತಿನ ವಿಷಯ. ಹಸಿರು ವಾಂತಿ ಮಾಡುವ ಶಿಶುವಿನಲ್ಲಿ ವಾಲ್ವ್ಯುಲಸ್ (ಕರುಳು ತಿರುಚಿಕೊಳ್ಳುವುದು) ಶಂಕೆ ಇದ್ದರೆ ಕಾಯುವ ಮಾತೇ ಇಲ್ಲ, ದ್ರವ ಓಡುತ್ತಿರುವಾಗಲೇ ಓಟಿ. ಪೈಲೋರಿಕ್ ಸ್ಟೆನೋಸಿಸ್ (ಜಠರದ ಹೊರದಾರಿ ಕಿರಿದಾಗುವುದು) ಇದಕ್ಕೆ ತದ್ವಿರುದ್ಧ, ಅದು ಯಾವತ್ತೂ ರಾತ್ರಿಯ ತುರ್ತು ಕೇಸಲ್ಲ. ಬೈಕಾರ್ಬೊನೇಟ್ 30ರ ಕೆಳಗೆ, ಕ್ಲೋರೈಡ್ 100ರ ಮೇಲೆ ಬರುವವರೆಗೆ ಡೆಕ್ಸ್ಟ್ರೋಸ್ ಸಲೈನ್ ಮತ್ತು ಪೊಟ್ಯಾಸಿಯಂ. ಇಲ್ಲದಿದ್ದರೆ ರಕ್ತದ ಕ್ಷಾರತೆ ಏರುವ ಆಲ್ಕಲೋಸಿಸ್‌ನಿಂದ ಉಸಿರಿನ ಪ್ರೇರಣೆ ಕುಗ್ಗಿ, ಆಪರೇಷನ್ ಚೆನ್ನಾಗಿ ಆದ ಕೂಸು ವಾರ್ಡ್‌ನಲ್ಲಿ ಉಸಿರು ನಿಲ್ಲಿಸುತ್ತದೆ. ಡಯಾಫ್ರಾಮ್ ಹರ್ನಿಯಾದ ನವಜಾತ ಶಿಶುವಿಗೂ ಮೊದಲು ಸ್ಥಿರತೆ, ಆಮೇಲೆ ಆಪರೇಷನ್. ಅದಕ್ಕೆ ಮಾಸ್ಕ್‌ನಿಂದ ಬ್ಯಾಗ್ ಮಾಡಬಾರದು, ಕರುಳು ಎದೆಯಲ್ಲೇ ಉಬ್ಬುತ್ತದೆ. ನೇರ ಉಸಿರಿನ ಟ್ಯೂಬ್, ದಪ್ಪ ರೈಲ್ಸ್ ಟ್ಯೂಬ್, ವೆಂಟಿಲೇಟರ್‌ನ ಪೀಕ್ ಪ್ರೆಶರ್ 25ರ ಒಳಗೆ.

ಟೈಫಾಯ್ಡ್ ತೂತು ಇವೆರಡರ ನಡುವಿನದು. ಎರಡರಿಂದ ನಾಲ್ಕು ತಾಸು ಸಿದ್ಧತೆಗೆ ಕೊಡಿ. ಮೊದಲ ತಾಸಿನಲ್ಲೇ ಆಂಟಿಬಯಾಟಿಕ್, ರೈಲ್ಸ್ ಟ್ಯೂಬ್, ಮೂತ್ರದ ಕ್ಯಾತಿಟರ್. ಗುರಿ: ಪಾದ ಬೆಚ್ಚಗಾಗಬೇಕು, ಮೂತ್ರ ಕೆ.ಜಿ.ಗೆ ತಾಸಿಗೆ 1 ಮಿ.ಲೀ., ಪೊಟ್ಯಾಸಿಯಂ 3ರ ಮೇಲೆ, ಲ್ಯಾಕ್ಟೇಟ್ (ಶಾಕ್‌ನಲ್ಲಿ ರಕ್ತದಲ್ಲಿ ಏರುವ ಅಂಶ) ಇಳಿಮುಖ. ನಾಲ್ಕು ತಾಸಾದರೂ ಮಗು ಏಳದಿದ್ದರೆ ಇನ್ನೂ ಕಾಯುವುದರಿಂದ ಫಲವಿಲ್ಲ, ಸೋಂಕಿನ ಮೂಲ ಹೊಟ್ಟೆಯೊಳಗೇ ಇದೆ. ಅಂಥ ಮಗುವಿಗೆ ಚಿಕ್ಕ ಆಪರೇಷನ್ ಮಾಡಿ. ಅಡ್ರಿನಲಿನ್ ಮೇಲೆ ಇರುವಾಗ ಕರುಳು ಕತ್ತರಿಸಿ ಜೋಡಿಸಲು ಹೋಗಬೇಡಿ, ಸ್ಟೋಮಾ ಮಾಡಿ (ಕರುಳಿನ ಬಾಯಿಯನ್ನು ಹೊಟ್ಟೆಯ ಮೇಲೆ ತಂದು) ಹೊರಬನ್ನಿ. ಕರುಳಿನ ರಕ್ತಸಂಚಾರ ಕುಂದಿದ್ದಾಗ ಹಾಕಿದ ಹೊಲಿಗೆ ನಾಲ್ಕೈದನೇ ದಿನ ಬಿಡುತ್ತದೆ. ಬಿಡುವಾಗ ಮೊದಲು ಹೇಳುವುದು ಹೊಟ್ಟೆಯಲ್ಲ, ನಾಡಿ. ಜ್ವರ ಇಲ್ಲದೆ, ನೋವಿನ ಔಷಧ ಸರಿಯಿದ್ದೂ 100ರಲ್ಲಿದ್ದ ನಾಡಿ 140ಕ್ಕೆ ಹೋಗಿ ಅಲ್ಲೇ ನಿಂತರೆ ಸೋರಿಕೆ ಎಂದೇ ಹಿಡಿದು ಹುಡುಕಿ.

ಎರಡನೆಯದು ಹೊಟ್ಟೆಯ ಒತ್ತಡ, ಇದನ್ನು ಅಳೆಯುವ ಪದ್ಧತಿ ನಮ್ಮ ಮೂರು ಜಿಲ್ಲೆಗಳಲ್ಲೂ ಇನ್ನಷ್ಟು ಹರಡಬೇಕು. ಮಗು ಅಂಗಾತ, ನೋವು ಶಮನವಾಗಿ ಮಲಗಿರಬೇಕು. ಮೂತ್ರಕೋಶ ಖಾಲಿ ಮಾಡಿ ಕ್ಯಾತಿಟರ್ ಮೂಲಕ ಕೆ.ಜಿ.ಗೆ 1 ಮಿ.ಲೀ. ಬೆಚ್ಚಗಿನ ಸಲೈನ್ ಬಿಡಿ, ಕನಿಷ್ಠ 3, ಗರಿಷ್ಠ 25 ಮಿ.ಲೀ. ಒತ್ತಡ ಅಳೆಯುವ ಟ್ರಾನ್ಸ್‌ಡ್ಯೂಸರ್‌ನ ಸೊನ್ನೆ ಸೊಂಟದ ಮೂಳೆಯ ಅಂಚಿನ ಮಟ್ಟದಲ್ಲಿ, ಪಕ್ಕೆಯ ಮಧ್ಯರೇಖೆಯಲ್ಲಿ. ಅರ್ಧದಿಂದ ಒಂದು ನಿಮಿಷ ಬಿಟ್ಟು, ಉಸಿರು ಹೊರಹೋದ ಕೊನೆಯಲ್ಲಿ ಓದಿ. ಟ್ರಾನ್ಸ್‌ಡ್ಯೂಸರ್ ಇಲ್ಲವೆಂದರೆ ಕ್ಯಾತಿಟರ್ ಟ್ಯೂಬನ್ನೇ ನೆಟ್ಟಗೆ ಹಿಡಿದು ನೀರಿನ ಎತ್ತರ ಅಳೆಯಿರಿ, 1.36 ಸೆಂ.ಮೀ. ನೀರು 1 ಮಿ.ಮೀ. ಪಾದರಸಕ್ಕೆ ಸಮ. ಮಕ್ಕಳಲ್ಲಿ 10 ಮಿ.ಮೀ. ದಾಟಿದರೆ ಒತ್ತಡ ಏರಿದೆ. ಅದರ ಜೊತೆ ಮೂತ್ರ ನಿಂತಿತು, ವೆಂಟಿಲೇಟರ್ ಪ್ರೆಶರ್ ಏರಿತು ಎಂದರೆ ಅದು ಕಂಪಾರ್ಟ್‌ಮೆಂಟ್ ಸಿಂಡ್ರೋಮ್. ದೊಡ್ಡವರ 20ರ ಗೆರೆಯನ್ನು ಮಗುವಿಗೆ ಕಾಯುತ್ತ ಕೂರಬಾರದು, ಯಾಕೆಂದರೆ ಮಗುವಿನ ಸರಾಸರಿ ಬಿಪಿಯೇ 50, 55 ಇರುತ್ತದೆ. ಅದರಿಂದ ಹೊಟ್ಟೆಯ ಒತ್ತಡ ಕಳೆದರೆ ಕರುಳಿಗೆ, ಮೂತ್ರಪಿಂಡಕ್ಕೆ ಉಳಿಯುವುದು ಎಷ್ಟು ಎಂದು ನೀವೇ ಲೆಕ್ಕ ಹಾಕಿ.

ಪರಿಹಾರವೂ ಕ್ರಮವಾಗಿ: ರೈಲ್ಸ್ ಟ್ಯೂಬ್ ಸೆಳೆಯಿರಿ, ನಿದ್ರೆಯ ಔಷಧ ಸರಿಮಾಡಿ, ದ್ರವ ತಗ್ಗಿಸಿ, ಹೊಟ್ಟೆಯಲ್ಲಿ ನೀರಿದ್ದರೆ ಡ್ರೈನ್. ಆಗದಿದ್ದರೆ ಹೊಟ್ಟೆ ತೆರೆಯಿರಿ. ಓಟಿಯಲ್ಲೇ ಮುಚ್ಚುವಾಗ ಅರಿವಳಿಕೆಯವರನ್ನು ಪೀಕ್ ಪ್ರೆಶರ್ ಎಷ್ಟು ಏರಿತು ಎಂದು ಕೇಳುವ ರೂಢಿ ಇರಲಿ. ಎಳೆದು ಮುಚ್ಚಬೇಕಾದ ಹೊಟ್ಟೆಗೆ ಸ್ಟೆರೈಲ್ ಸಲೈನ್ ಬ್ಯಾಗ್ ಕತ್ತರಿಸಿ ಹೊಲಿದು, 48 ತಾಸಿನಲ್ಲಿ ಮತ್ತೆ ನೋಡಿ.

ಇಂಟಸಸೆಪ್ಷನ್ ಬಗ್ಗೆ ಚಿಕ್ಕದಾಗಿ: ಗಾಳಿಯಿಂದ ಬಿಡಿಸುವುದಾದರೆ 80ರಿಂದ 120 ಮಿ.ಮೀ. ಒತ್ತಡ, ಸಲೈನ್‌ನಿಂದಾದರೆ ಬಾಟಲಿ ಸುಮಾರು ಒಂದು ಮೀಟರ್ ಎತ್ತರ, ಅಲ್ಟ್ರಾಸೌಂಡ್ ನೋಡುತ್ತ. ಶಾಕ್ ಅಥವಾ ಪೆರಿಟೊನೈಟಿಸ್ (ಹೊಟ್ಟೆಯ ಒಳಪೊರೆಯ ಉರಿಯೂತ) ಇದ್ದರೆ ಯಾವುದೂ ಬೇಡ. ಗಾಳಿ ಬಳಸುವಾಗ ಹೊಟ್ಟೆಯೊಳಗಿನ ಗಾಳಿ ಹೊರಬಿಡಲು 18 ಗೇಜ್ ಸೂಜಿ ಕೈಯಲ್ಲಿ ಸಿದ್ಧವಿರಲಿ. ಕರುಳು ಒಡೆದರೆ ಹೊಟ್ಟೆ ಬಿಗಿದು ಉಸಿರು ನಿಲ್ಲಲು ನಿಮಿಷ ಸಾಕು.

ಅರಿವಳಿಕೆ_ಗುಮ್ಮಟ | ವಿಜಯಪುರ

ತರಬೇತಿಯ ಕ್ರಮದಲ್ಲಿ ನನ್ನದೊಂದು ಭಿನ್ನ ಅಭಿಪ್ರಾಯ. ಆರು ತಿಂಗಳು ಪೂರ್ತಿ ಪಿಐಸಿಯು ಬೇಡ. ಮೊದಲ ತಿಂಗಳು ಮಕ್ಕಳ ಓಟಿಯಲ್ಲಿ ಅರಿವಳಿಕೆಯವರ ತಲೆದೆಸೆಯಲ್ಲಿ ನಿಲ್ಲಿ. ಐಸಿಯುನಲ್ಲಿ ಟ್ಯೂಬ್ ಹಾಕುವ ಅವಕಾಶ ವಾರಕ್ಕೊಂದು ಸಿಕ್ಕರೆ ಹೆಚ್ಚು, ಅದೂ ಕೆಟ್ಟ ಸ್ಥಿತಿಯ ಮಗು. ಓಟಿಯಲ್ಲಿ ಹರ್ನಿಯಾ, ಟಾನ್ಸಿಲ್ ಲಿಸ್ಟ್ ಇರುವ ದಿನ ಬೆಳಿಗ್ಗೆಯೇ ನಾಲ್ಕೈದು ಸಿಗುತ್ತವೆ. 30 ಮಕ್ಕಳ ಟ್ಯೂಬ್, ಅದರಲ್ಲಿ 10 ಒಂದು ವರ್ಷದ ಒಳಗಿನವು, ಇಷ್ಟಾದ ಮೇಲೆ ಪಿಐಸಿಯುಗೆ ಹೋಗಿ.

ಕಫ್ (ಟ್ಯೂಬಿನ ತುದಿಯ ಗಾಳಿಚೀಲ) ಇರುವ ಟ್ಯೂಬಿನ ಸೈಜಿಗೆ ವಯಸ್ಸು ಭಾಗಿಸು 4, ಕೂಡಿಸು 3.5. ಕಫ್ ಇಲ್ಲದ್ದಕ್ಕೆ ಕೂಡಿಸು 4. ತುಟಿಯ ಬಳಿ ಆಳ, ಟ್ಯೂಬ್ ಸೈಜಿನ ಮೂರರಷ್ಟು. ಹಾಗಾದರೆ 4 ವರ್ಷದ ಮಗುವಿಗೆ 4.5 ಕಫ್ ಟ್ಯೂಬ್, 13.5 ಸೆಂ.ಮೀ. ಮೇಲಿನ ಅರ್ಧ, ಕೆಳಗಿನ ಅರ್ಧ ಸೈಜು ಪಕ್ಕದಲ್ಲೇ ಬಿಚ್ಚಿಡದೆ ಇಟ್ಟಿರಿ. ಕಫ್ ಒತ್ತಡ 20ರಿಂದ 25 ಸೆಂ.ಮೀ. ನೀರು, ಬೆರಳಿನಿಂದ ಒತ್ತಿ ನೋಡಿದರೆ ಗೊತ್ತಾಗುವುದಿಲ್ಲ, ಮಾನೋಮೀಟರ್ ಬೇಕು. ಶಿಶುಗಳಿಗೆ ತಲೆ ದೊಡ್ಡದು, ದಿಂಬು ತಲೆಗಲ್ಲ, ಮಡಿಸಿದ ಬಟ್ಟೆ ಭುಜದ ಕೆಳಗೆ. ಶಾಕ್‌ನಲ್ಲಿರುವ ಮಗುವಿಗೆ ಕೆಟಮಿನ್ ಕೆ.ಜಿ.ಗೆ 1 ಮಿ.ಗ್ರಾಂ. ಅಥವಾ ಅದಕ್ಕೂ ಕಡಿಮೆ, ರೊಕ್ಯುರೋನಿಯಂ 1.2 ಮಿ.ಗ್ರಾಂ. ಅಡ್ರಿನಲಿನ್ ಪಂಪ್ ಮೊದಲೇ ಓಡುತ್ತಿರಬೇಕು. ಟ್ಯೂಬ್ ಹಾಕಿದೊಡನೆ ಪಾಸಿಟಿವ್ ಪ್ರೆಶರ್‌ನಿಂದ ಹೃದಯಕ್ಕೆ ಮರಳುವ ರಕ್ತ ಕಡಿಮೆಯಾಗಿ ಬಿಪಿ ಕುಸಿಯುತ್ತದೆ. ಆಗ ಪಂಪ್ ಹುಡುಕುವುದು ತಡ.

ವೆಂಟಿಲೇಟರ್‌ನ ಹತ್ತು ಮೋಡ್‌ಗಳನ್ನು ಕಂಠಪಾಠ ಮಾಡುವ ಅಗತ್ಯ ಸರ್ಜನ್‌ಗೆ ಇಲ್ಲ. ಒಂದು ಉಸಿರಿಗೆ ಕೆ.ಜಿ.ಗೆ 6ರಿಂದ 8 ಮಿ.ಲೀ., ಪೀಪ್ (ಉಸಿರು ಬಿಟ್ಟ ಕೊನೆಯಲ್ಲಿ ಉಳಿಯುವ ಒತ್ತಡ) 5, ಶಿಶುವಿಗೆ ನಿಮಿಷಕ್ಕೆ 25ರಿಂದ 30 ಉಸಿರು, ಐದು ವರ್ಷದವರಿಗೆ 20ರ ಹತ್ತಿರ, ಪ್ಲಾಟೋ (ಉಸಿರು ತುಂಬಿ ನಿಂತಾಗಿನ ಒತ್ತಡ) 28ರ ಒಳಗೆ. ಇದರಿಂದ ಬಹುಪಾಲು ಹೊಟ್ಟೆಯ ಕೇಸುಗಳು ದಾಟುತ್ತವೆ. ಸ್ಯಾಚುರೇಷನ್ ದಿಢೀರ್ ಬಿದ್ದರೆ ನೋಡುವ ಕ್ರಮ ಮಾತ್ರ ಕಣ್ಣುಮುಚ್ಚಿ ಬರಬೇಕು: ಟ್ಯೂಬ್ ಸರಿದಿದೆಯೇ, ಕಟ್ಟಿದೆಯೇ, ನ್ಯೂಮೋಥೊರಾಕ್ಸೇ (ಶ್ವಾಸಕೋಶದ ಸುತ್ತ ಗಾಳಿ ಸೇರಿದೆಯೇ), ಯಂತ್ರವೇ. ಮೊದಲು ಯಂತ್ರ ಕಳಚಿ ಕೈಯಿಂದ ಬ್ಯಾಗ್ ಮಾಡಿ, ಆಮೇಲೆ ಹುಡುಕಿ. ಮಗುವಿನ ತಲೆ ಬಗ್ಗಿಸಿದರೆ ಟ್ಯೂಬ್ ಒಳಗೆ ಇಳಿಯುತ್ತದೆ, ಎತ್ತಿದರೆ ಮೇಲೆ ಬರುತ್ತದೆ. ಎಕ್ಸ್‌ರೇ ತೆಗೆಸುವಾಗ, ಸ್ಟ್ರೆಚರ್‌ಗೆ ಎತ್ತುವಾಗ ಇದೇ ಕಾರಣಕ್ಕೆ ಅನಾಹುತ ಆಗುವುದು.

ಹರ್ನಿಯಾ ಮಾಡುವ ಜನರಲ್ ಸರ್ಜನ್‌ಗಳಿಗೆ ಒಂದು ಮಾತು. ತಿಂಗಳು ತುಂಬದೆ ಹುಟ್ಟಿದ ಕೂಸು, ಗರ್ಭದ ವಾರ ಮತ್ತು ಹುಟ್ಟಿದ ಮೇಲಿನ ವಾರ ಕೂಡಿಸಿ 60 ದಾಟಿಲ್ಲದಿದ್ದರೆ ಅದೇ ದಿನ ಮನೆಗೆ ಕಳಿಸಬೇಡಿ. 12ರಿಂದ 24 ತಾಸು ಆಪ್ನಿಯಾ (ಉಸಿರು ನಿಲ್ಲುವುದು) ಮಾನಿಟರ್ ಬೇಕು.

ಸಿಸ್ಟರ್_ಇನ್‌ಚಾರ್ಜ್ | ವಿಜಯಪುರ

ನಮಸ್ಕಾರ ಸಾಹೇಬ್ರ. ನರ್ಸಿಂಗ್ ಕಡಿಂದ ಒಂದಿಷ್ಟು ಹೇಳ್ತೀನ್ರಿ, ಡಾಕ್ಟರ್‌ಗಳ ತರಬೇತ್ಯಾಗ ಇದು ಬಿಟ್ಟುಹೋಗಿರ್ತೈತಿ.

ಸಿರಿಂಜ್ ಪಂಪ್ ನೀವಾ ಕೈಲೆ ಜೋಡಿಸಿ ಕಲೀರಿ. ಎಕ್ಸ್‌ಟೆನ್ಷನ್ ಲೈನು, ತ್ರೀವೇ ಕೂಡಿ ಒಳಗ 1ರಿಂದ 2 ಮಿ.ಲೀ. ಹಿಡಿತೈತಿ. ತುದಿತನಕ ಔಷಧ ತುಂಬಿಸದ ಜೋಡಿಸಿ, ಪಂಪ್ ತಾಸಿಗೆ 0.5ಕ್ಕ ಇಟ್ರ ಔಷಧ ಕೂಸಿನ ರಕ್ತ ಮುಟ್ಟೂದಕ್ಕ ಎರಡು ತಾಸಿನ ಮ್ಯಾಲ ಬೇಕ್ರಿ. ಅಲ್ಲಿತನಕ ನೀವು ಔಷಧ ಕೆಲಸ ಮಾಡವಲ್ದು ಅಂತ ಡೋಸ್ ಏರಿಸ್ತೀರಿ, ಆಮ್ಯಾಲ ಒಮ್ಮೆಲೆ ಬಿಪಿ 150 ಆಗ್ತೈತಿ. ಅದಕ್ಕ ಕಲಸೂ ಮುಂದ ತಾಸಿಗೆ 1 ಮಿ.ಲೀ.ಗಿಂತ ಕಡಿಮಿ ಓಡದಂಗ ಕಲಸ್ರಿ. ಇನೊಟ್ರೋಪ್ ಲೈನ್ ಬ್ಯಾರೆ ಇರಲಿ, ಅದರಾಗ ಆಂಟಿಬಯಾಟಿಕ್ ಫ್ಲಶ್ ಮಾಡಬ್ಯಾಡ್ರಿ. ಪಂಪ್ ಎತ್ತಿ ಮ್ಯಾಲ ಇಟ್ರೂ ಒಂದು ಸಣ್ಣ ಬೋಲಸ್ ಹೋಗ್ತೈತಿ, ಕೂಸಿನ ಎದಿ ಮಟ್ಟಕ್ಕ ಇಡ್ರಿ. ಸಿರಿಂಜ್ ಖಾಲಿ ಆಗೂ ಮೊದಲ ಎರಡನೇ ಪಂಪ್ ತಯಾರಿಟ್ಟು, ಅದು ಓಡಾಕ ಹತ್ತಿದ ಮ್ಯಾಲ ಹಳೇದು ತೆಗೀರಿ.

ತೂಕ ಕೇಸ್‌ಶೀಟಿನ ಮೊದಲ ಹಾಳಿ ಮ್ಯಾಲ ದೊಡ್ಡದಾಗಿ ಬರೀರಿ, ಅಂದಾಜಿನ ತೂಕೋ ತೂಗಿದ್ದೋ ಅಂತನೂ ಬರೀರಿ. ಮಕ್ಕಳಾಗ ಹತ್ತು ಪಟ್ಟಿನ ತಪ್ಪು ಆಗೂದು ದಶಾಂಶ ಚುಕ್ಕಿಯಿಂದ. 0.5 ಅಂತ ಬರೀರಿ, ಬರೀ .5 ಬ್ಯಾಡ್ರಿ. 5.0 ಅಂತನೂ ಬ್ಯಾಡ್ರಿ, 5 ಸಾಕು. ಕೆಸಿಎಲ್, ಇನ್ಸುಲಿನ್, ಇನೊಟ್ರೋಪ್, ಮಾರ್ಫಿನ್ ನಾಕಕ್ಕೂ ಇಬ್ಬರು ಬ್ಯಾರೆಬ್ಯಾರೆ ಲೆಕ್ಕ ಮಾಡಿ ತಾಳಿ ನೋಡಬೇಕು, ಒಬ್ಬರು ಹೇಳಿದ್ದಕ್ಕ ಇನ್ನೊಬ್ಬರು ಹೂಂ ಅನ್ನೂದಲ್ಲ.

ಓಟಿಯಿಂದ ಕೂಸು ಬಂದಾಗ ಮೊದಲ ಮಾನಿಟರ್, ವೆಂಟಿಲೇಟರ್ ಜೋಡಿಸಾಕ ಬಿಡ್ರಿ, ಆಮ್ಯಾಲ ಎಲ್ಲಾರೂ ಕೈ ನಿಲ್ಲಿಸಿ ಕೇಳಬೇಕು. ನೀವು ಹೇಳಬೇಕಾದ್ದು ಏನು ಆಪರೇಷನ್ ಮಾಡೀರಿ ಅನ್ನೂದಷ್ಟಾ ಅಲ್ಲ. ಡ್ರೈನಿನಾಗ ಎಷ್ಟು ಬರಬೇಕು, ಯಾವ ಬಣ್ಣ ಬಂದ್ರ ಫೋನ್ ಮಾಡ್ಬೇಕು, ರೈಲ್ಸ್ ಟ್ಯೂಬ್ ಬಿದ್ರ ನಾವ ಹಾಕಬಹುದೋ ಇಲ್ಲೋ, ಹಾಲು ಯಾವಾಗ. ಅನ್ನನಾಳದ ಹೊಲಿಗಿ ಇದ್ದ ಕೂಸಿಗೆ ಟ್ಯೂಬ್ ಬಿದ್ದೈತಿ ಅಂತ ರಾತ್ರಿ ಡ್ಯೂಟಿಯವರು ಮತ್ತ ಹಾಕಿದ್ರ ಹೊಲಿಗಿ ಹರೀತೈತಿ. ನೀವು ತರಬೇತಿಗೆ ಹೋಗೂ ಮುಂದ ನಿಮ್ಮ ಆಸ್ಪತ್ರಿಯಿಂದ ಇಬ್ಬರು ಸ್ಟಾಫ್ ನರ್ಸ್‌ನೂ ಕರ್ಕೊಂಡು ಹೋಗ್ರಿ. ರಾತ್ರಿ ಎರಡಕ್ಕ ಕೂಸಿನ ಹಂತ್ಯಾಕ ಇರೂರು ಅವರು.

ಘಟಪ್ರಭಾ_ಸರ್ಜನ್ | ಬಾಗಲಕೋಟೆ

ಎಲ್ಲರಿಗೂ ಮನಸಾರೆ ಧನ್ಯವಾದ. ಸಿಸ್ಟರ್, ಇಬ್ಬರು ನರ್ಸ್‌ಗಳ ಮಾತು ಆಡಳಿತದ ಮುಂದೆ ಇಡುತ್ತೇನೆ. ಇನ್ನೆರಡು ಸಂದೇಹ. ಸೆಂಟ್ರಲ್ ಲೈನ್ (ದೊಡ್ಡ ರಕ್ತನಾಳಕ್ಕೆ ಹಾಕುವ ನಳಿಕೆ) ತಕ್ಷಣ ಆಗದಿದ್ದರೆ ಅಡ್ರಿನಲಿನ್ ಕೈಯ ಕ್ಯಾನುಲಾದಲ್ಲಿ ಕೊಡಬಹುದೇ? ಮತ್ತೆ ಬೆಳಗಾವಿಗೋ ಹುಬ್ಬಳ್ಳಿಗೋ ಕಳಿಸುವ ಮಗುವನ್ನು ಹೇಗೆ ಸಿದ್ಧಪಡಿಸಬೇಕು? ಯಾವ ಮಗುವನ್ನು ಇಲ್ಲೇ ಇಟ್ಟುಕೊಳ್ಳಬಹುದು?

ಪಿಐಸಿಯು_ಕುಂದಾನಗರಿ | ಬೆಳಗಾವಿ

ಕೊಡಬಹುದು, ಕೊಡಲೇಬೇಕು. ಲೈನ್ ಹಾಕುವ ಒಂದು ತಾಸಿನಲ್ಲಿ ಮಗು ಕಳೆದುಕೊಳ್ಳುವುದು ಹೆಚ್ಚು. ಮೊಣಕೈ ಮಡಿಕೆಯ ಅಥವಾ ಮುಂಗೈಯ ಒಳ್ಳೆಯ ರಕ್ತನಾಳ, ಸರಾಗವಾಗಿ ಓಡುವ ಕ್ಯಾನುಲಾ, ಔಷಧ ಇನ್ನಷ್ಟು ತೆಳುವಾಗಿ ಕಲಸಿ, 15 ನಿಮಿಷಕ್ಕೊಮ್ಮೆ ಜಾಗ ನೋಡಬೇಕು, ಬ್ಯಾಂಡೇಜ್‌ನಿಂದ ಮುಚ್ಚಬಾರದು. ಚರ್ಮ ಬಿಳಿಚಿಕೊಂಡರೆ ಕೂಡಲೇ ಬೇರೆ ಕಡೆ. ಕ್ಯಾನುಲಾವೇ ಸಿಗದ ಶಾಕ್‌ನಲ್ಲಿ 90 ಸೆಕೆಂಡ್ ಮೀರಿ ಹುಡುಕಬೇಡಿ, ಮೊಣಕಾಲ ಕೆಳಗಿನ ಟಿಬಿಯಾದ ಉಬ್ಬಿಗಿಂತ 1ರಿಂದ 2 ಸೆಂ.ಮೀ. ಕೆಳಗೆ, ಒಳಬದಿಯ ಚಪ್ಪಟೆ ಭಾಗದಲ್ಲಿ ಮೂಳೆಸೂಜಿ. ಡ್ರಿಲ್ ಇಲ್ಲದಿದ್ದರೆ ಬೋನ್‌ಮ್ಯಾರೋ ಸೂಜಿಯೂ ಆಗುತ್ತದೆ. 24 ತಾಸಿನೊಳಗೆ ತೆಗೆಯಿರಿ. ಹಿಂಬದಿಯ ಮೀನಖಂಡವನ್ನು ಆಗಾಗ ಮುಟ್ಟಿ ನೋಡಿ, ಸೂಜಿ ಆಚೆ ತೂರಿದ್ದರೆ ಊತ ಅಲ್ಲೇ ಮೊದಲು ಬರುವುದು.

ಇಟ್ಟುಕೊಳ್ಳುವುದೋ ಕಳಿಸುವುದೋ ಎಂಬುದನ್ನು ಆಪರೇಷನ್‌ಗೆ ಮುಂಚೆಯೇ ನಿರ್ಧರಿಸಿ. ರಾತ್ರಿ ರಕ್ತದ ಅನಿಲ ಪರೀಕ್ಷೆ ಆಗುತ್ತದೆಯೇ, ಮಗುವಿನ ವೆಂಟಿಲೇಟರ್ ಸರ್ಕ್ಯೂಟ್ ಇದೆಯೇ, ಒಂದೆರಡು ಮಕ್ಕಳಿಗೆ ಒಬ್ಬ ನರ್ಸ್ ಸಿಗುತ್ತಾರೆಯೇ, ರಕ್ತನಿಧಿ ತೆರೆದಿದೆಯೇ? ಇವುಗಳಲ್ಲಿ ಒಂದಕ್ಕಾದರೂ ‘ಇಲ್ಲ’ ಎಂಬುದೇ ಉತ್ತರವಾದರೆ ನವಜಾತ ಶಿಶು, ಇನೊಟ್ರೋಪ್ ಬೇಕಾದ ಸೆಪ್ಸಿಸ್, 20 ಪ್ರತಿಶತ ದಾಟಿದ ಸುಟ್ಟಗಾಯ ಇವು ನಿಮ್ಮಲ್ಲಿ ಉಳಿಯಬಾರದು. ಹೊಟ್ಟೆಪೆಟ್ಟಿನ ಯಕೃತ್ತು, ಗುಲ್ಮದ ಗಾಯ ಬಹುತೇಕ ಆಪರೇಷನ್ ಇಲ್ಲದೆ ವಾಸಿಯಾಗುತ್ತವೆ. ಕೆ.ಜಿ.ಗೆ 20 ಮಿ.ಲೀ. ಸಲೈನ್‌ಗೆ ಏಳದಿದ್ದರೆ ರಕ್ತ ಶುರು ಮಾಡಿ, ರಕ್ತ 40 ಮಿ.ಲೀ. ಸಮೀಪಿಸಿದರೂ ಬಿಪಿ ನಿಲ್ಲದಿದ್ದರೆ ಆ ಮಗುವಿಗೆ ರಸ್ತೆ ಅಲ್ಲ, ನಿಮ್ಮ ಓಟಿಯೇ ಸರಿ. ರಕ್ತ ನಿಲ್ಲಲು ಪ್ಯಾಕ್ ಇಟ್ಟು ಆಮೇಲೆ ಕಳಿಸಿ. ರಕ್ತಸ್ರಾವ ತಗ್ಗಿಸುವ ಟ್ರಾನೆಕ್ಸಾಮಿಕ್ ಆಸಿಡ್ ಕೆ.ಜಿ.ಗೆ 15 ಮಿ.ಗ್ರಾಂ., 10 ನಿಮಿಷದಲ್ಲಿ, ಪೆಟ್ಟಾಗಿ ಮೂರು ತಾಸು ಮೀರಿರಬಾರದು.

ದಾರಿಯ ಸಿದ್ಧತೆ. ಲೋಕಾಪುರ, ಯರಗಟ್ಟಿ ಮೇಲೆ ಬೆಳಗಾವಿಗೆ ಮೂರು ತಾಸು ಎಂದು ಹಿಡಿಯಿರಿ. ನಿಮಿಷಕ್ಕೆ 10 ಲೀಟರ್ ಆಮ್ಲಜನಕ ಎಂದರೆ 1800 ಲೀಟರ್, ಅದರ ಎರಡರಷ್ಟು ಹೊರಬೇಕು. ಬಿ-ಟೈಪ್ ಸಿಲಿಂಡರ್ ತುಂಬಿದ್ದರೆ 1500 ಲೀಟರ್, ಹಾಗಾಗಿ ಮೂರು, ಕೀಲಿಯೂ ಜೊತೆಗೆ. ಉಸಿರು ಸಂಶಯವಿದ್ದರೆ ಹೊರಡುವ ಮೊದಲೇ ಟ್ಯೂಬ್ ಹಾಕಿ, 108 ಗಾಡಿ ಕುಲುಕುವಾಗ ಹಾಕಲಾಗುವುದಿಲ್ಲ. ರೈಲ್ಸ್ ಟ್ಯೂಬ್ ತೆರೆದಿರಲಿ. ಎರಡು ಕ್ಯಾನುಲಾ. ರಕ್ತದ ಸಕ್ಕರೆ ಹೊರಡುವಾಗ ಒಮ್ಮೆ, ಆಮೇಲೆ ಪ್ರತಿ ತಾಸಿಗೊಮ್ಮೆ ನೋಡಿ. 60ರ ಕೆಳಗಿದ್ದರೆ 10 ಪ್ರತಿಶತ ಡೆಕ್ಸ್ಟ್ರೋಸ್ ಕೆ.ಜಿ.ಗೆ 2ರಿಂದ 5 ಮಿ.ಲೀ. ಏಪ್ರಿಲ್ ಬಿಸಿಲಿನಲ್ಲೂ ಎಸಿ ಗಾಡಿಯಲ್ಲಿ ನವಜಾತ ಶಿಶು ತಣ್ಣಗಾಗುತ್ತದೆ, ಟೋಪಿ, ಬಟ್ಟೆ, ಅದರ ಮೇಲೆ ಪ್ಲಾಸ್ಟಿಕ್ ಹೊದಿಕೆ ಬೇಕು. ಫೋನ್ ಮಾಡುವಾಗ ಮೊದಲು ತೂಕ ಹೇಳಿ, ಆಮೇಲೆ ಟ್ಯೂಬ್ ಸೈಜು, ಯಾವ ಪಂಪ್ ಎಷ್ಟರಲ್ಲಿ ಓಡುತ್ತಿದೆ, ಕೊನೆಗೆ ರೋಗದ ಹೆಸರು. ನಾವು ಹಾಸಿಗೆ ಸಿದ್ಧಮಾಡುವುದು ಆ ಕ್ರಮದಲ್ಲೇ.

ಎಳೆಹೊಟ್ಟೆ | ವಿಜಯಪುರ, ಪೀಡಿಯಾಟ್ರಿಕ್ ಸರ್ಜರಿ

ಆರು ತಿಂಗಳ ಹಂಚಿಕೆ ಕೇಳಿದ್ದಿರಿ. ಅರಿವಳಿಕೆಯವರ ಮಾತಿನಂತೆ ಮೊದಲ ತಿಂಗಳು ಓಟಿ, ನಂತರ ಮೂರು ತಿಂಗಳು ಪಿಐಸಿಯು, ಒಂದು ತಿಂಗಳು ಎನ್‌ಐಸಿಯು (ನವಜಾತ ಶಿಶುಗಳ ಐಸಿಯು), ಕೊನೆಯ ತಿಂಗಳು ಸುಟ್ಟಗಾಯ ಮತ್ತು ಟ್ರಾಮಾ. ಪಿಐಸಿಯು ತಿಂಗಳುಗಳಲ್ಲಿ ರಾತ್ರಿ ಡ್ಯೂಟಿ ಕೇಳಿ ಹಾಕಿಸಿಕೊಳ್ಳಿ, ಹಗಲಿನ ರೌಂಡ್‌ನಲ್ಲಿ ನಿರ್ಧಾರಗಳು ಆಗಿಹೋಗಿರುತ್ತವೆ. ಅಲ್ಟ್ರಾಸೌಂಡ್ ನೋಡಿ ಕುತ್ತಿಗೆಯ ಜುಗುಲರ್ ಲೈನ್ ಕನಿಷ್ಠ 15, ಮೂತ್ರಕೋಶದ ಒತ್ತಡ 20, ವೆಂಟಿಲೇಟರ್ ಬಿಡಿಸಿದ ಮಕ್ಕಳು 10.

ಲಾಗ್‌ಬುಕ್‌ನಲ್ಲಿ ಎಣಿಕೆಯ ಪಕ್ಕ ಇನ್ನೊಂದು ಅಂಕಣ ಇರಲಿ: ಸಂಜೆ ಏಳಕ್ಕೆ ಈ ಮಗುವಿಗೆ ರಾತ್ರಿ ಏನಾಗಬಹುದು ಎಂದು ಒಂದು ಸಾಲು ಬರೆಯಿರಿ, ಬೆಳಿಗ್ಗೆ ಏನಾಯಿತು ಎಂದು ಅದರ ಎದುರು ಬರೆಯಿರಿ. ಎರಡು ಸಾಲುಗಳು ಬೇರೆ ಬಂದ ಕೇಸುಗಳನ್ನಷ್ಟೇ ಕನ್ಸಲ್ಟೆಂಟ್ ಮುಂದೆ ವಾರಕ್ಕೊಮ್ಮೆ ಇಟ್ಟು ಚರ್ಚಿಸಿ. ಹೋಗುವ ಮುಂಚೆ ಸಂಸ್ಥೆಯಿಂದ ಲಿಖಿತವಾಗಿ ಕೇಳಬೇಕಾದದ್ದು: ಕೈಯಿಂದ ಮಾಡಲು ಬಿಡುತ್ತಾರೆಯೇ, ಬರೀ ನೋಡಲೋ? ಬರೀ ನೋಡಲು ಎಂದರೆ ಬೇರೆ ಕಡೆ ಅರ್ಜಿ ಹಾಕಿ.